ನೆಸ್, ಹುಡ್, ಡಮ್: ಭಾವನಾಮಗಳ ಬೆನ್ನು ಹತ್ತಿ

ದೊಡ್ಡದಕ್ಕೆ ಒಂದು, ಸಣ್ಣದಕ್ಕೆ ಒಂದು

ಇಂಗ್ಲಿಷಿನಲ್ಲಿ ಲಾಂಗ್‌ನಿಂದ ಲೆಂತ್ ಹುಟ್ಟಿದೆ, ಶಾರ್ಟ್‌ನಿಂದ ಶಾರ್ಟ್‌ನೆಸ್. ಡೀಪ್‌ಗೆ ಡೆಪ್ತ್, ಶ್ಯಾಲೋಗೆ ಶ್ಯಾಲೋನೆಸ್. ವೈಡ್‌ಗೆ ವಿಡ್ತ್, ನ್ಯಾರೋಗೆ ನ್ಯಾರೋನೆಸ್. ಸ್ಟ್ರಾಂಗ್‌ಗೆ ಸ್ಟ್ರೆಂತ್, ವೀಕ್‌ಗೆ ವೀಕ್‌ನೆಸ್. ವಾರ್ಮ್‌ಗೆ ವಾರ್ಮ್ತ್, ಕೂಲ್‌ಗೆ ಕೂಲ್‌ನೆಸ್. ಹೀಗೆ ಸಾಲಾಗಿ ಬರೆದುಕೊಂಡಾಗ ಒಂದು ಸಂಗತಿ ಎದ್ದು ಕಾಣುತ್ತದೆ. ಪ್ರತಿ ಜೋಡಿಯಲ್ಲೂ ಹೆಚ್ಚಿನದಕ್ಕೆ 'ತ್', ಕಡಿಮೆಯದಕ್ಕೆ 'ನೆಸ್'. ಶಾಲೆಯ ವ್ಯಾಕರಣ ಪುಸ್ತಕದಲ್ಲಿ ಈ ನಿಯಮ ಇಲ್ಲ. ಯಾರೋ ಕೂತು ಪಾಲು ಮಾಡಿ ಹಂಚಿದ್ದೂ ಅಲ್ಲ. ಹಾಗಿದ್ದೂ ಇಷ್ಟು ಅಚ್ಚುಕಟ್ಟಾಗಿ ಪಾಲಾದದ್ದು ಹೇಗೆ?

'ಕೂಲ್ತ್' ಎಂಬ ಮಾತನ್ನು ಯಾರೂ ಕಟ್ಟಲೇ ಇಲ್ಲ ಎನ್ನುವಂತಿಲ್ಲ. 16ನೇ ಶತಮಾನದಿಂದ ಅದು ಅಲ್ಲೊಮ್ಮೆ ಇಲ್ಲೊಮ್ಮೆ ಬರಹದಲ್ಲಿ ಸಿಗುತ್ತದೆ. ಆದರೆ ನೆಲೆಯೂರಲಿಲ್ಲ.

ಬಾವಿ ಎಷ್ಟು ಆಳ?

ಬಾವಿಯ ಮುಂದೆ ನಿಂತವರು 'ಎಷ್ಟು ಆಳ' ಎಂದೇ ಕೇಳುತ್ತಾರೆ. ನೀರು ಮೊಣಕಾಲುದ್ದ ಇದ್ದರೂ ಪ್ರಶ್ನೆ ಆಳದ್ದೇ. ಬಟ್ಟೆ ಎಷ್ಟು ಉದ್ದ, ರಸ್ತೆ ಎಷ್ಟು ಅಗಲ, ಮರ ಎಷ್ಟು ಎತ್ತರ. ಎಷ್ಟು ಗಿಡ್ಡ, ಎಷ್ಟು ಕಿರಿದು ಎಂದು ಕೇಳುವ ಸಂದರ್ಭ ಅಪರೂಪ. ಅಳತೆಗೆ ನಿಲ್ಲುವುದು ಜೋಡಿಯ ದೊಡ್ಡ ಪದವೇ. ಇಂಗ್ಲಿಷಿನಲ್ಲೂ ಹಾಗೆಯೇ. ಬಾಯಲ್ಲಿ ಸದಾ ಓಡಾಡುವ ಪದಗಳು ಹಳೆಯ ರೂಪವನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಅಪರೂಪಕ್ಕೆ ಬಳಸುವ ಪದಕ್ಕೆ ಮಾತಾಡುವವನು ಆ ಕ್ಷಣಕ್ಕೆ ಕೈಗೆ ಸಿಗುವ ಪ್ರತ್ಯಯವನ್ನು ಹಚ್ಚುತ್ತಾನೆ. ಆಳ-ಅಗಲಗಳ 'ತ್' ಉಳಿದದ್ದು ಅದಕ್ಕೇ ಇರಬೇಕು.

ಆದರೆ ಇಷ್ಟಕ್ಕೇ ಒಗಟು ಬಿಡಿಸಿದಂತಾಯಿತು ಎನ್ನುವಂತಿಲ್ಲ. ಲೆಂತ್, ಸ್ಟ್ರೆಂತ್ ನಿಜಕ್ಕೂ ಹಳೆಯವು, ಹಳೆಯ ಇಂಗ್ಲಿಷಿನವು. ವಿಡ್ತ್ ಹಾಗಲ್ಲ, ಅದು 17ನೇ ಶತಮಾನದ ಪದ. ಅದಕ್ಕೂ ಮುಂಚೆ ವೈಡ್‌ನೆಸ್ ಎಂಬ ಮಾತೇ ಇತ್ತು. ಡೆಪ್ತ್‌ಗಿಂತ ಡೀಪ್‌ನೆಸ್ ಹಿರಿಯದು. ಅಂದರೆ ಲೆಂತ್ ಎಂಬ ಹಳೆಯ ಪದ ತನ್ನ ಪಕ್ಕದ ಅಳತೆಯ ಪದಗಳನ್ನೂ ತನ್ನ ಸಾಲಿಗೆ ಎಳೆದುಕೊಂಡಿತು. ಪ್ರತ್ಯಯ ಸಾಯುತ್ತಿದ್ದ ಕಾಲದಲ್ಲೂ ಈ ಒಂದು ಮನೆತನದೊಳಗೆ ಅದಕ್ಕೆ ಹೊಸ ಮಕ್ಕಳಾದವು.

ಕಳೆದುಹೋದ 'ಇ'

'ತ್' ಸೇರಿದ ಕೂಡಲೇ ಮೂಲಪದದ ಸ್ವರ ಯಾಕೆ ಬದಲಾಗುತ್ತದೆ? ಲಾಂಗ್ ಹೋಗಿ ಲೆಂತ್, ಸ್ಟ್ರಾಂಗ್ ಹೋಗಿ ಸ್ಟ್ರೆಂತ್, ಫೌಲ್ ಹೋಗಿ ಫಿಲ್ತ್. ಕಾರಣ ಇಂದಿನ ಪದದೊಳಗೆ ಕಾಣುವುದಿಲ್ಲ. ಸಾವಿರದೈನೂರು ವರ್ಷಗಳ ಹಿಂದೆ ಈ ಪ್ರತ್ಯಯ ಬರಿಯ 'ತ್' ಆಗಿರಲಿಲ್ಲ, 'ಇಥೋ' ಎಂಬಂತಿತ್ತು. ಮುಂದೆ ಬರುವ 'ಇ'ಯನ್ನು ನುಡಿಯಲು ನಾಲಿಗೆ ಮೊದಲೇ ಸಜ್ಜಾಗಿ, ಹಿಂದಿನ ಸ್ವರವನ್ನೂ ಬಾಯಿಯ ಮುಂಭಾಗಕ್ಕೆ ಎಳೆದುಕೊಂಡಿತು. ಆಮೇಲೆ ಆ 'ಇ' ತಾನೇ ಸವೆದುಹೋಯಿತು. ಕಾರಣ ಅಳಿಯಿತು, ಪರಿಣಾಮ ಉಳಿಯಿತು.

ಇದರ ಬೆಲೆಯನ್ನು 'ತ್' ತೆತ್ತಿತು ಎಂದು ನನಗೆ ಅನಿಸುತ್ತದೆ. ಹೆಲ್ತ್ ಹುಟ್ಟಿದ್ದು 'ಹೋಲ್'ನಿಂದ. ಎಲ್ಲೂ ಮುಕ್ಕಾಗದೆ ಇಡಿಯಾಗಿರುವ ಸ್ಥಿತಿಯೇ ಆರೋಗ್ಯ. ಸ್ಲೋತ್ ಎಂದರೆ ಸ್ಲೋ ಆಗಿರುವಿಕೆ, ಮರ್ತ್ ಎಂದರೆ ಮೆರ್ರಿ ಆಗಿರುವಿಕೆ. ಇಂದು ಎಷ್ಟು ಜನಕ್ಕೆ ಇದು ಕಿವಿಯಿಂದಲೇ ತಿಳಿಯುತ್ತದೆ? ಮೂಲಪದದ ಮುಖವನ್ನೇ ಮರೆಮಾಡುವ ಪ್ರತ್ಯಯವನ್ನು ಹೊಸ ಪದಕ್ಕೆ ಹಚ್ಚಲು ಯಾರಿಗೂ ಧೈರ್ಯ ಬರುವುದಿಲ್ಲ. ಕೇಳುವವನಿಗೆ ಅರ್ಥವಾಗಬೇಕಲ್ಲ. 'ನೆಸ್' ಗೆದ್ದದ್ದು ಇಲ್ಲೇ. ಅದು ಯಾವ ಪದಕ್ಕೆ ಅಂಟಿದರೂ ಆ ಪದ ಇದ್ದ ಹಾಗೇ ಇರುತ್ತದೆ.

ಹೈಟ್‌ನ ಕಥೆ ಇನ್ನೂ ಒಂದು ಹೆಜ್ಜೆ ಮುಂದೆ. ಅದರ ಕೊನೆಯಲ್ಲೂ ಮೊದಲು 'ತ್' ಇತ್ತು. 1667ರಲ್ಲಿ ಅಚ್ಚಾದ 'ಪ್ಯಾರಡೈಸ್ ಲಾಸ್ಟ್'ನಲ್ಲಿ ಮಿಲ್ಟನ್ ಅದನ್ನು 'ತ್' ಇಟ್ಟೇ ಬರೆದಿದ್ದಾನೆ. ಈಗ ಬರಿಯ 'ಟ್' ಉಳಿದು, ಅದು ಪ್ರತ್ಯಯ ಎಂಬುದೇ ಮರೆತುಹೋಗಿದೆ.

ತುಟ್ಟಿಭತ್ಯೆಯೊಳಗಿನ ಪ್ರತ್ಯಯ

ಸರ್ಕಾರಿ ನೌಕರರಿರುವ ಮನೆಯಲ್ಲಿ ಡಿ.ಎ. ಎಂಬ ಎರಡಕ್ಷರ ಗೊತ್ತಿಲ್ಲದವರಿಲ್ಲ. ಡಿಯರ್‌ನೆಸ್ ಅಲೋಯನ್ಸ್, ಕನ್ನಡದಲ್ಲಿ ತುಟ್ಟಿಭತ್ಯೆ. ಇಲ್ಲಿಯ 'ಡಿಯರ್' ಪ್ರೀತಿಯದಲ್ಲ, ಬೆಲೆಯದು. ಡಿಯರ್ ಎಂಬುದಕ್ಕೆ ಹಳೆಯ 'ತ್' ಸೇರಿ ಆಗಲೇ ಒಂದು ಭಾವನಾಮ ಇತ್ತು, ಡರ್ತ್. ಅದರ ಮೊದಲ ಅರ್ಥವೂ ತುಟ್ಟಿ ಎಂದೇ. ಕಾಳು ತುಟ್ಟಿಯಾಗುವುದು ಕಾಳಿಲ್ಲದಾಗ. ಹಾಗಾಗಿ ಡರ್ತ್ ಮೆಲ್ಲಗೆ 'ಅಭಾವ' ಎಂಬ ಅರ್ಥಕ್ಕೆ ಜಾರಿತು, ಬೆಲೆಯ ಸಂಬಂಧ ಕಳಚಿಕೊಂಡಿತು. ಬೆಲೆಯೇರಿಕೆಗೆ ಒಂದು ಹೆಸರು ಬೇಕಾದಾಗ ಡಿಯರ್‌ಗೆ 'ನೆಸ್' ಅಂಟಿದ ರೂಪ ಕೆಲಸಕ್ಕೆ ಬಂತು. ಇಂಗ್ಲೆಂಡಿನಲ್ಲಿ ಆ ಪದ ಈ ಅರ್ಥದಲ್ಲಿ ಮೂಲೆಗೆ ಸರಿದಿದೆ. ನಮ್ಮ ಸಂಬಳದ ಚೀಟಿಯಲ್ಲಿ ಅದು ಇಂದಿಗೂ ನಡೆಯುತ್ತಿರುವ ನಾಣ್ಯ.

ಒಂದೇ ಮೂಲ, ಎರಡು ಪ್ರತ್ಯಯ, ಎರಡು ಅರ್ಥ. ಅದೇ ಕಚೇರಿಯ ಕನ್ನಡದಲ್ಲೇ ಇದಕ್ಕೆ ಸರಿಜೋಡಿ ಇದೆ. ಹಿರಿಯ ಎಂಬುದರಿಂದ ಹಿರಿಮೆ, ಹಿರಿತನ ಎರಡೂ ಬಂದಿವೆ. ಹಿರಿಮೆ ಎಂದರೆ ದೊಡ್ಡಸ್ತಿಕೆ, ಹೆಗ್ಗಳಿಕೆ. ಬಡ್ತಿಯ ಕಡತದಲ್ಲಿ ಬರುವುದು ಮಾತ್ರ ಸೇವಾಹಿರಿತನ, ಅಲ್ಲಿ ಹಿರಿಮೆ ಎಂದರೆ ಯಾರೂ ಒಪ್ಪುವುದಿಲ್ಲ. ಹಿರಿಮೆ, ಜಾಣ್ಮೆ, ತಾಳ್ಮೆಗಳ 'ಮೆ'ಯನ್ನು ನಾವು ಹೊಸ ಪದಗಳಿಗೆ ಅಷ್ಟು ಸಲೀಸಾಗಿ ಹಚ್ಚುವುದಿಲ್ಲ. 'ತನ' ಹಾಗಲ್ಲ, ಕರೆದಲ್ಲಿಗೆ ಬರುತ್ತದೆ. ಎರಡು ಭಾಷೆಗಳಿಗೂ ರಕ್ತಸಂಬಂಧ ಇಲ್ಲ. ಆದರೂ ಮುಪ್ಪಾದ ಪ್ರತ್ಯಯ ಒಂದು, ಪ್ರಾಯದ ಪ್ರತ್ಯಯ ಒಂದು, ಎರಡೂ ಒಟ್ಟಿಗೆ ಬಾಳುವ ಬಗೆ ಒಂದೇ.

ರಸ್ಕಿನ್ ಕಟ್ಟಿದ ಪದ

ವೆಲ್ತ್ ಎಂಬುದೂ 'ತ್' ಮನೆಯದೇ. ಹೆಲ್ತ್‌ನ ಮಾದರಿಯಲ್ಲಿ, ಕ್ಷೇಮ ಎಂಬ ಅರ್ಥದ 'ವೀಲ್' ಎಂಬುದರಿಂದ ಬಂದದ್ದು. ಸಂಪತ್ತು ಎನ್ನುವುದಕ್ಕಿಂತ ಮೊದಲು ಅದಕ್ಕೆ ಯೋಗಕ್ಷೇಮ ಎಂಬ ಅರ್ಥವಿತ್ತು. ಜಾನ್ ರಸ್ಕಿನ್ 1860ರಲ್ಲಿ ಬರೆದ 'ಅನ್‌ಟು ದಿಸ್ ಲಾಸ್ಟ್' ಲೇಖನಗಳಲ್ಲಿ ಈ ಎಳೆಯನ್ನೇ ಹಿಡಿದ. ಮನುಷ್ಯನಿಗೆ ಒಳಿತು ಮಾಡುವ ಸೊತ್ತು ವೆಲ್ತ್ ಆದರೆ, ಕೇಡು ಮಾಡುವ ಸೊತ್ತನ್ನು ಏನೆನ್ನಬೇಕು? 'ಇಲ್' ಎಂಬುದಕ್ಕೆ 'ತ್' ಹಚ್ಚಿ 'ಇಲ್ತ್' ಎಂದ.

ಪದ ನಿಲ್ಲಲಿಲ್ಲ, ಪುಸ್ತಕ ನಿಂತಿತು. 1904ರಲ್ಲಿ ಜೋಹಾನ್ಸ್‌ಬರ್ಗ್‌ನಿಂದ ಡರ್ಬನ್‌ಗೆ ಹೊರಟ ರೈಲಿನಲ್ಲಿ ಗಾಂಧೀಜಿ ಅದನ್ನು ಓದಿದರು. 1908ರಲ್ಲಿ ಅದರ ಸಾರವನ್ನು ಗುಜರಾತಿಗೆ ತಂದು 'ಸರ್ವೋದಯ' ಎಂದು ಹೆಸರಿಟ್ಟರು. ಅರ್ಥಶಾಸ್ತ್ರದ ದೊಡ್ಡ ವಾದವನ್ನು ಒಂದು ಪ್ರತ್ಯಯದ ಮೇಲೆ ನಿಲ್ಲಿಸಬಹುದು ಎಂಬುದಕ್ಕೆ ರಸ್ಕಿನ್ ಸಾಕ್ಷಿ. ಎಷ್ಟು ದೊಡ್ಡ ಲೇಖಕನಾದರೂ ಸತ್ತ ಪ್ರತ್ಯಯಕ್ಕೆ ಜೀವ ಕೊಡಲಾರ ಎಂಬುದಕ್ಕೂ ಅವನೇ ಸಾಕ್ಷಿ.

'ನೆಸ್'ನ ನಕಾರ ಯಾರದು?

ಎಲ್ಲರಿಗೂ ಆಗಿಬರುವ ಈ 'ನೆಸ್' ಹುಟ್ಟಿನಲ್ಲಿ 'ನೆಸ್' ಆಗಿರಲಿಲ್ಲ. ಬಿಷಪ್ ವುಲ್ಫಿಲಾ 4ನೇ ಶತಮಾನದಲ್ಲಿ ಬೈಬಲನ್ನು ಇಂಗ್ಲಿಷಿನ ದಾಯಾದಿಯಾದ ಗಾಥಿಕ್ ಭಾಷೆಗೆ ತಂದ. ಆ ಭಾಷೆಯಲ್ಲಿ ಸಮಾನತೆಗೆ 'ಇಬ್ನಸ್ಸುಸ್' ಎಂಬ ಪದವಿದೆ. ಅದನ್ನು ಒಡೆದರೆ 'ಇಬ್ನ್' ಮತ್ತು 'ಅಸ್ಸುಸ್'. ನಕಾರ ಮೂಲಪದಕ್ಕೆ ಸೇರಿದ್ದು. ಹೀಗೆ ನಕಾರದಲ್ಲಿ ಮುಗಿಯುವ ಪದಗಳು ಹಲವಿದ್ದುದರಿಂದ, ಕೇಳುವವರು ಒಡೆಯುವ ಜಾಗವನ್ನು ಒಂದು ಅಕ್ಷರ ಹಿಂದಕ್ಕೆ ಸರಿಸಿದರು. ನಕಾರ ಪ್ರತ್ಯಯದ ಪಾಲಾಯಿತು.

ಆ 'ಇಬ್ನ್' ಎಂಬುದೇ ಇಂಗ್ಲಿಷಿನ 'ಈವನ್'. ಇಂದು 'ಈವನ್‌ನೆಸ್' ಎಂದು ಬರೆಯುವಾಗ ಎರಡು ನಕಾರ ಬರುತ್ತವೆ. ಮೊದಲನೆಯದು ಪದದ ಸ್ವಂತದ್ದು. ಎರಡನೆಯದು ಇಂಥವೇ ಪದಗಳಿಂದ ಎಂದೋ ಕಳಚಿಕೊಂಡು, ಈಗ ಪ್ರತ್ಯಯದ ಜೊತೆ ಮರಳಿ ಬಂದದ್ದು.

ಒಂದು ಕಾಲಕ್ಕೆ ಇಡೀ ಪದಗಳು

'ತ್', 'ನೆಸ್' ನಮಗೆ ತಿಳಿದಷ್ಟು ಕಾಲದಿಂದಲೂ ಪ್ರತ್ಯಯಗಳೇ. ಹುಡ್, ಶಿಪ್, ಡಮ್ ಹಾಗಲ್ಲ. ಅವು ತಮ್ಮ ಕಾಲ ಮೇಲೆ ನಿಂತಿದ್ದ ನಾಮಪದಗಳು.

ಚೈಲ್ಡ್‌ಹುಡ್‌ನ ಹುಡ್‌ಗೂ ತಲೆಗೆ ಹಾಕುವ ಹುಡ್‌ಗೂ ಸಂಬಂಧವಿಲ್ಲ. ಹಳೆಯ ಇಂಗ್ಲಿಷಿನಲ್ಲಿ 'ಹಾದ್' ಎಂದರೆ ವ್ಯಕ್ತಿ, ಅಂತಸ್ತು, ಸ್ಥಿತಿ. ನಿರುಕ್ತಕಾರರು ಇದನ್ನು ಸಂಸ್ಕೃತದ 'ಕೇತು' ಪದದ ದಾಯಾದಿ ಎನ್ನುತ್ತಾರೆ. ಧೂಮಕೇತುವಿನ ಕೇತು, ಎಂದರೆ ಹೊಳಪು, ಕಣ್ಣಿಗೆ ಕಾಣುವ ಗುರುತು. ಮನುಷ್ಯ ತೋರುವ ಬಗೆಯಿಂದ ಅವನ ಅಂತಸ್ತಿಗೆ, ಅಲ್ಲಿಂದ ಅವನ ಅವಸ್ಥೆಗೆ ಅರ್ಥ ಹರಿದಿದೆ.

ಫ್ರೆಂಡ್‌ಶಿಪ್‌ನ ಶಿಪ್ ಹಡಗಲ್ಲ. ರೂಪ ಕೊಡುವುದು ಎಂಬ ಅರ್ಥದ 'ಶೇಪ್' ಪದದ ನಂಟ. ಇದೇ ಪ್ರತ್ಯಯ ಡಚ್ ಭಾಷೆಯಲ್ಲಿ 'ಸ್ಖಾಪ್'. 1600ರ ಸುಮಾರಿಗೆ ಡಚ್ ಚಿತ್ರಕಾರರ ಕಸುಬಿನ ಮಾತಾಗಿ ಲ್ಯಾಂಡ್‌ಸ್ಕೇಪ್ ಇಂಗ್ಲಿಷಿಗೆ ಬಂತು. ಒಂದೇ ಪ್ರತ್ಯಯ ಒಂದು ಬಾಗಿಲಿಂದ ಶಿಪ್ ಆಗಿ, ಇನ್ನೊಂದು ಬಾಗಿಲಿಂದ ಸ್ಕೇಪ್ ಆಗಿ ಒಳಬಂದಿದೆ. ವರ್ಷಿಪ್‌ನೊಳಗೂ ಈ ಶಿಪ್ ಕೂತಿದೆ: ವರ್ತ್ ಮತ್ತು ಶಿಪ್, ಯೋಗ್ಯತೆಯ ಸ್ಥಿತಿ. ಗೌರವ ಎಂಬಲ್ಲಿಂದ ಅದು ಪೂಜೆ ಎಂಬಲ್ಲಿಗೆ ಏರಿತು.

ಡಮ್ ಮತ್ತು ವಿಧಿ

ಕಿಂಗ್‌ಡಮ್, ಫ್ರೀಡಮ್, ವಿಸ್ಡಮ್‌ಗಳ 'ಡಮ್' ಹಳೆಯ ಇಂಗ್ಲಿಷಿನಲ್ಲಿ 'ದೋಮ್'. ಅರ್ಥ ತೀರ್ಪು, ಕಟ್ಟಳೆ. ಒಬ್ಬ ಅರಸನ ತೀರ್ಪು ಎಲ್ಲಿಯವರೆಗೆ ನಡೆಯುತ್ತದೋ ಅಲ್ಲಿಯವರೆಗೆ ಅವನ ಕಿಂಗ್‌ಡಮ್. ಒಂಟಿಯಾಗಿ ಉಳಿದ ರೂಪವೇ 'ಡೂಮ್'. ಗೆದ್ದ ಇಂಗ್ಲೆಂಡಿನ ನೆಲ, ದನಕರು, ತೆರಿಗೆಗಳ ಲೆಕ್ಕವನ್ನು ದೊರೆ ವಿಲಿಯಂ 1086ರಲ್ಲಿ ಬರೆಸಿದ. ಜನ ಅದನ್ನು 'ಡೂಮ್ಸ್‌ಡೇ' ಪುಸ್ತಕ ಎಂದರು. ಕೊನೆಯ ದಿನದ ತೀರ್ಪಿನ ಹಾಗೆ ಅದರಲ್ಲಿ ಬರೆದದ್ದರ ಮೇಲೆ ಅಪೀಲು ಇಲ್ಲ ಎಂದು. ಕಾಲ ಕಳೆದಂತೆ ಡೂಮ್‌ನ ಅರ್ಥ ತೀರ್ಪಿನಿಂದ ಹಣೆಬರಹಕ್ಕೆ, ಅಲ್ಲಿಂದ ವಿನಾಶಕ್ಕೆ ಇಳಿಯಿತು.

ನನ್ನನ್ನು ಬಹಳ ಹೊತ್ತು ಹಿಡಿದಿಟ್ಟ ಟಿಪ್ಪಣಿ ಇದು. ದೋಮ್ ಪದದ ಬೇರು ಸಂಸ್ಕೃತದ 'ಧಾ' ಧಾತುವಿನ ಬೇರೇ: ಇಡು, ಸ್ಥಾಪಿಸು. ಅದರಿಂದಲೇ ನಮ್ಮ ಧಾಮ, ಅದರಿಂದಲೇ ವಿಧಿ. ಸಂವಿಧಾನದ ವಿಧಿ ಎಂದರೆ ಕಟ್ಟಳೆ. 'ವಿಧಿ ಬರೆದದ್ದು' ಎಂದರೆ ಹಣೆಬರಹ. ಕಟ್ಟಳೆಯಿಂದ ಹಣೆಬರಹಕ್ಕೆ ಡೂಮ್ ನಡೆದ ಅದೇ ದಾರಿಯನ್ನು ವಿಧಿಯೂ ನಡೆದಿದೆ, ಒಂದನ್ನೊಂದು ನೋಡದೆ. ಮೇಲಿನವರು ಇಟ್ಟ ಕಟ್ಟಳೆ ಕೆಳಗಿನವರಿಗೆ ಹಣೆಬರಹವಾಗಿಯೇ ಕಂಡಿರಬೇಕು, ಅಲ್ಲೂ ಇಲ್ಲೂ.

ವೇಷ ಹಾಕಿದವು, ಒಂಟಿಯಾದವು

ಲೈವ್ಲಿಹುಡ್‌ನಲ್ಲಿ ಕಾಣುವ ಹುಡ್ ನಿಜವಾದ ಹುಡ್ ಅಲ್ಲ. ಹಳೆಯ ರೂಪ 'ಲೀಫ್‌ಲಾದ್', ಬದುಕಿನ ದಾರಿ ಎಂದರ್ಥ. 'ಲಾದ್' ಯಾರಿಗೂ ಅರ್ಥವಾಗದ ಕಾಲ ಬಂದಾಗ ಅದಕ್ಕೆ ಪರಿಚಿತವಾದ ಹುಡ್‌ನ ವೇಷ ತೊಡಿಸಿದರು.

ಇನ್ನು ಕೆಲವು ಪ್ರತ್ಯಯಗಳು ಬೆರಳೆಣಿಕೆಗೆ ಬಂದು ನಿಂತಿವೆ. ಸ್ಥಿತಿ ಎಂಬರ್ಥದ 'ರೆಡ್' ಹೇಟ್ರೆಡ್, ಕಿಂಡ್ರೆಡ್ ಎಂಬೆರಡರಲ್ಲಿ ಉಸಿರಾಡುತ್ತಿದೆ. ವೆಡ್‌ಲಾಕ್‌ನ 'ಲಾಕ್' ಬೀಗವಲ್ಲ, ಅದೂ ಹಳೆಯದೊಂದು ಪ್ರತ್ಯಯ. ಹಗೆತನ, ಬಳಗ, ಮದುವೆ: ಮನುಷ್ಯ ಬಿಡಲಾಗದ ಮಾತುಗಳೊಳಗೇ ಇವು ಉಳಿದಿರುವುದನ್ನು ಗುರುತು ಹಾಕಿಕೊಂಡಿದ್ದೇನೆ.

1066ರ ನಂತರ ಬಂದವರು

ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಆಡಳಿತ, ನ್ಯಾಯಾಲಯಗಳಿಗೆ ಫ್ರೆಂಚ್ ಬಂತು. ವಿದ್ಯೆಯ ಭಾಷೆ ಲ್ಯಾಟಿನ್ ಮೊದಲೇ ಇತ್ತು. ಇವುಗಳ ಜೊತೆ 'ಇಟಿ', 'ಮೆಂಟ್', 'ಷನ್', 'ಅನ್ಸ್' ಬಂದವು. ಮೊದಲು ತಮ್ಮ ಪದಗಳಿಗೇ ಅಂಟಿಕೊಂಡು ಬಂದವು, ಆಮೇಲೆ ಊರಿನ ಪದಗಳಿಗೂ ಕೈಚಾಚಿದವು. ಹಸಿವಿನಿಂದ ಸಾಯುವುದಕ್ಕೆ ಇಂಗ್ಲಿಷಿನ ಸ್ವಂತ ಪದ 'ಸ್ಟಾರ್ವ್', ಅದಕ್ಕೆ ಲ್ಯಾಟಿನ್ ಬಾಲ ಸೇರಿ 18ನೇ ಶತಮಾನದಲ್ಲಿ ಸ್ಟಾರ್ವೇಷನ್ ಆಯಿತು. ಇನ್ನೂ ವಿಚಿತ್ರವಾದದ್ದು ಅಟೋನ್‌ಮೆಂಟ್. 'ಆಟ್ ಒನ್', ಒಂದಾಗಿರು ಎಂಬ ಎರಡು ಸಾದಾ ಪದಗಳಿಗೆ ಫ್ರೆಂಚ್ 'ಮೆಂಟ್' ಕೂಡಿ 16ನೇ ಶತಮಾನದಲ್ಲಿ ಬಳಕೆಗೆ ಬಂದ ಪದ. ವಿಲಿಯಂ ಟಿಂಡೇಲ್ ಬೈಬಲಿನ ಅನುವಾದದಲ್ಲಿ ಅದನ್ನು ಬಳಸಿದ. ಮುರಿದ ಸಂಬಂಧ ಮತ್ತೆ ಒಂದಾಗುವುದೇ ಪ್ರಾಯಶ್ಚಿತ್ತ.

'ಇಟಿ'ಗೂ 'ತ್'ನದೇ ಚಾಳಿ ಇದೆ, ಮೂಲಪದವನ್ನು ಅಲುಗಿಸುತ್ತದೆ. ಸೇನ್ ಹೋಗಿ ಸ್ಯಾನಿಟಿ, ಡಿವೈನ್ ಹೋಗಿ ಡಿವಿನಿಟಿ. ಆಯ್ಕೆಯಲ್ಲೂ ಬಿಗಿ. ಕ್ಯೂರಿಯಸ್‌ಗೆ ಕ್ಯೂರಿಯಾಸಿಟಿ ಉಂಟು, ಗ್ಲೋರಿಯಸ್‌ಗೆ 'ಗ್ಲೋರಿಯಾಸಿಟಿ' ಇಲ್ಲ. ಗ್ಲೋರಿ ಎಂಬ ಪದ ಮೊದಲೇ ಆ ಜಾಗದಲ್ಲಿ ಕೂತಿದೆ ಎಂದು ಮಾರ್ಕ್ ಅರೊನಾಫ್ 1976ರಲ್ಲಿ ಪ್ರಕಟಿಸಿದ ಪದರಚನೆಯ ಪುಸ್ತಕದಲ್ಲಿ ತೋರಿಸಿದರು. ಆದರೆ ಗ್ಲೋರಿಯಸ್‌ನೆಸ್ ಎಂದರೆ ತಡೆಯಿಲ್ಲ. ಇಲ್ಲೂ ಗೆದ್ದದ್ದು 'ನೆಸ್'.

'ತ್' ಮತ್ತು 'ತೆ'

ಪಾಣಿನಿ ಅಷ್ಟಾಧ್ಯಾಯಿಯ ಐದನೇ ಅಧ್ಯಾಯದಲ್ಲಿ 'ಅದರ ಭಾವ' ಎಂಬ ಅರ್ಥಕ್ಕೆ ತ್ವ, ತಾ ಎಂಬೆರಡು ಪ್ರತ್ಯಯಗಳನ್ನು ವಿಧಿಸುತ್ತಾನೆ. ನಾವು ಭಾವನಾಮ ಎನ್ನುವಾಗಿನ 'ಭಾವ' ಇದೇ. ಮಾಲಾ ಎಂಬುದು ಕನ್ನಡದಲ್ಲಿ ಮಾಲೆ ಆದಂತೆ 'ತಾ' ನಮ್ಮಲ್ಲಿ 'ತೆ' ಆಯಿತು: ಸಮಾನತೆ, ಮಾನವತೆ, ಸ್ವಚ್ಛತೆ. ಲೆಂತ್‌ನ 'ತ್' ಈ 'ತಾ'ದ ಒಡಹುಟ್ಟು. ಲ್ಯಾಟಿನ್ನಿನಿಂದ ಬಂದ 'ಇಟಿ' ಕೂಡ ಇವುಗಳ ಹತ್ತಿರದ ನಂಟ, ವೇದದ 'ಸರ್ವತಾತಿ' ಪದದಲ್ಲಿ ಅದರ ಸರಿಜೋಡಿ ಇದೆ. ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳಿಗೆ ಒಂದೇ ಮೂಲವಿರಬೇಕೆಂದು ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತೆಯಲ್ಲಿ ಹೇಳಿದ ಮಾತು ಇಲ್ಲಿ ಒಂದಕ್ಷರದಲ್ಲಿ ಕಾಣುತ್ತದೆ.

ಎಚ್ಚರವೂ ಬೇಕು. ನಡತೆ, ಕೊರತೆಗಳ 'ತೆ' ಕನ್ನಡದ್ದೇ, ಕ್ರಿಯಾಪದಕ್ಕೆ ಹತ್ತುವಂಥದ್ದು. ಕಿವಿಗೆ ಒಂದೇ ಆದ ಮಾತ್ರಕ್ಕೆ ಕುಲ ಒಂದೇ ಅಲ್ಲ.

ಒಂಟಿಯಾಗಿ ನಡೆದ 'ಇಸಂ'

ಇಡೀ ಪದಗಳು ಸವೆದು ಪ್ರತ್ಯಯವಾಗುವುದನ್ನು ನೋಡಿದ ಮೇಲೆ, ಉಲ್ಟಾ ದಾರಿ ಹಿಡಿದ ಒಂದು ಸಿಕ್ಕಿತು. ಗ್ರೀಕ್ 'ಇಸ್ಮೋಸ್'ನಿಂದ ಬಂದ 'ಇಸಂ' 1680ರ ಹೊತ್ತಿಗೇ ಇಂಗ್ಲಿಷಿನಲ್ಲಿ ಪದದಿಂದ ಕಳಚಿಕೊಂಡು ತಾನೇ ನಾಮಪದವಾಗಿತ್ತು. ಕನ್ನಡಕ್ಕೂ ಹಾಗೆಯೇ ಬಂದಿದೆ. 'ಯಾವ ಇಸಂಗೂ ಸೇರದ ಕವಿ' ಎಂದು ವಿಮರ್ಶೆಯಲ್ಲಿ ಬರೆಯುತ್ತೇವೆ. ಪತ್ರಿಕೆಗಳಿಗೆ 'ರೌಡಿಸಂ' ದಿನದ ಪದ. ಅದರ ಪಕ್ಕದಲ್ಲೇ ಪಾರ್ಸಿಯಿಂದ ಬಂದ 'ಗಿರಿ' ಇದೆ: ದಿವಾನಗಿರಿ, ಗುಮಾಸ್ತಗಿರಿ, ಗೂಂಡಾಗಿರಿ. ಇಂಗ್ಲಿಷಿಗೆ ನಾರ್ಮನ್ನರ ಕಚೇರಿಯಿಂದ ಪ್ರತ್ಯಯಗಳು ಬಂದಂತೆ ನಮಗೂ ಕಚೇರಿಯ ದಾರಿಯಿಂದ ಬಂದಿವೆ. ಆಳಿದವರು ಹೋದರೂ ಅವರ ಪ್ರತ್ಯಯ ಹೋಗುವುದಿಲ್ಲ.

ಒಂದರ ಮೇಲೊಂದು

ಅಮೆರಿಕದ ಟಿ.ವಿ. ಕಲಾವಿದ ಸ್ಟೀಫನ್ ಕೋಲ್ಬರ್ಟ್ 2005ರಲ್ಲಿ 'ಟ್ರೂತಿನೆಸ್' ಎಂಬ ಪದವನ್ನು ಮನೆಮಾತಾಗಿಸಿದರು. ನಿಜವಲ್ಲದಿದ್ದರೂ ನಿಜವೆನಿಸುವ ಗುಣ ಎಂದರ್ಥ. ಟ್ರೂ, ಅದಕ್ಕೆ 'ತ್' ಸೇರಿ ಟ್ರೂತ್, ಮತ್ತೆ 'ಇ' ಸೇರಿ ಟ್ರೂತಿ. ಆ 'ತ್' ಪ್ರತ್ಯಯ ಎಂಬುದು ಮರೆತುಹೋದದ್ದರಿಂದಲೇ ಅದರ ಮೇಲೆ 'ನೆಸ್' ಕೂರಲು ಜಾಗ ಸಿಕ್ಕಿದೆ.

ನಮ್ಮ 'ಬೇಜವಾಬ್ದಾರಿತನ'ವನ್ನು ಬಿಡಿಸಿ ನೋಡಬೇಕು. 'ಬೇ' ಪಾರ್ಸಿಯ ನಿಷೇಧ, 'ಜವಾಬ್' ಅರಬ್ಬಿಯ ಉತ್ತರ, 'ದಾರ್' ಪಾರ್ಸಿಯಲ್ಲಿ ಉಳ್ಳವನು, ಕೊನೆಯ 'ಇ' ಪಾರ್ಸಿಯ ಭಾವಪ್ರತ್ಯಯ. ಜವಾಬ್ದಾರಿ ಎಂಬಲ್ಲಿಗೇ ಭಾವನಾಮ ಮುಗಿದಿದೆ. ಆ 'ಇ' ನಮ್ಮ ಕಿವಿಗೆ ಪ್ರತ್ಯಯ ಎನಿಸದ್ದರಿಂದ ಮೇಲೆ ಕನ್ನಡದ 'ತನ' ಹಚ್ಚಿದ್ದೇವೆ. ಮೂರು ಭಾಷೆಗಳು, ಎರಡು ಭಾವಪ್ರತ್ಯಯಗಳು, ಒಂದೇ ಉಸಿರಿನ ಪದ. ಇಷ್ಟೆಲ್ಲ ಆದರೂ ಹಳ್ಳಿಯಿಂದ ವಿಧಾನಸಭೆಯವರೆಗೆ ಎಲ್ಲರಿಗೂ ಅರ್ಥವಾಗುತ್ತದೆ, ಯಾಕೆಂದರೆ 'ತನ' ತನ್ನ ಹಿಂದಿನ ಪದವನ್ನು ಮುಟ್ಟದೆ ಬಿಡುತ್ತದೆ.

ತರಗತಿಗೊಂದು ಸಲಹೆ

ಗುಣವಾಚಕದಿಂದ ಭಾವನಾಮ ಮಾಡಿ ಎಂಬ ಪಟ್ಟಿಯನ್ನು ನಮ್ಮ ಮಕ್ಕಳು ಬಾಯಿಪಾಠ ಮಾಡುತ್ತಾರೆ. ಕೈಂಡ್ ಕೈಂಡ್‌ನೆಸ್, ಲಾಂಗ್ ಲೆಂತ್, ವೈಸ್ ವಿಸ್ಡಮ್. ಪಟ್ಟಿ ಒಂದೇ ಸಾಲಿನಲ್ಲಿ ಇರುವುದರಿಂದ ಇಂಗ್ಲಿಷ್ ಎಂದರೆ ಕಾರಣವಿಲ್ಲದ ಹಟ ಎಂಬ ಭಾವನೆ ಅವರಲ್ಲಿ ಬೇರೂರುತ್ತದೆ. ಅದೇ ಪಟ್ಟಿಯನ್ನು ಮೂರು ಕಂಬ ಮಾಡಿ ಬರೆಯಬಹುದು. ಸ್ವರ ಬದಲಿಸುವ ಹಳೆಯ 'ತ್' ಒಂದು ಕಡೆ, ಒಮ್ಮೆ ಇಡೀ ಪದಗಳಾಗಿದ್ದ ಹುಡ್, ಶಿಪ್, ಡಮ್ ಇನ್ನೊಂದು ಕಡೆ, ಫ್ರೆಂಚ್-ಲ್ಯಾಟಿನ್‌ನಿಂದ ಬಂದವು ಮತ್ತೊಂದು ಕಡೆ. ಈ ಮೂರರಲ್ಲಿ ಸಿಗದಿದ್ದಕ್ಕೆಲ್ಲ 'ನೆಸ್' ಹಚ್ಚಿದರೆ ಬಹುಪಾಲು ಸರಿಯೇ ಆಗುತ್ತದೆ. ಪಕ್ಕದಲ್ಲಿ ಹಿರಿಮೆ-ಹಿರಿತನ, ಜಾಣ್ಮೆ-ಜಾಣತನಗಳನ್ನೂ ಬರೆದರೆ, ಕನ್ನಡ ಬಲ್ಲ ಮಗುವಿಗೆ ಇದು ಹೊಸದೇನೂ ಅಲ್ಲ, ತನ್ನ ಬಾಯಲ್ಲೇ ಇರುವ ವ್ಯವಸ್ಥೆ ಎಂದು ಗೊತ್ತಾಗುತ್ತದೆ. ಹೀಗೆ ಬಂದ ಕಲಿಕೆ ಪರೀಕ್ಷೆ ಮುಗಿದ ಮೇಲೂ ಉಳಿಯುತ್ತದೆ ಎಂದು ನಾನು ನಂಬುತ್ತೇನೆ.